ಯಾವ ಸೇವೆ ಪೂಜೆಯಾದೀತು?

(ಗೊರೂರಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಿದ್ವಾಂಸರಲ್ಲ. ಮೆಟ್ರಿಕ್‌ವರೆಗೆ ಓದಿ, ಕೆಲವು ವರ್ಷ ಹಳ್ಳಿಯ ಮಕ್ಕಳಿಗೆ ಮಗ್ಗಿ, ಕಾಗುಣಿತ ಕಲಿಸಿ, ಆಮೇಲೆ ಈ ಸಂಘಟನೆಯ ಕೆಲಸಕ್ಕೆ ಬಂದವರು. ಧರ್ಮದ ವಿಚಾರ ಹೇಳುವುದಕ್ಕೆ ಮಠಗಳಿವೆ, ಶಾಸ್ತ್ರಿಗಳಿದ್ದಾರೆ. ಆದರೂ ಇಂದು ಪೂಜೆಯನ್ನು ಕುರಿತು ನಾಲ್ಕು ಮಾತು ಆಡಬೇಕಾಗಿ ಬಂದಿದೆ. ಅದಕ್ಕೆ ಕಾರಣ ನಿಮ್ಮಂಥವರೇ ಒಬ್ಬರು.

ಈಚೆಗೆ ಒಂದು ಸಂಜೆ ಕಾಫಿ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದೆವು. ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿಯೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಊರಿನಲ್ಲಿ ಜಾತ್ರೆಯ ಮಾತು ನಡೆದಿತ್ತು. ಆತ ನಮ್ಮ ಕಡೆ ತಿರುಗಿ, "ಮೇಷ್ಟ್ರೆ, ಗುಡಿ ಬಾಗ್ಲು ತೆಗೆಯೋ ಹೊತ್ಗೆ ನಾನು ಮೂಟೆ ಕೆಳಗಿರ್ತೀನಿ, ಮುಚ್ಚೋ ಹೊತ್ಗೂ ಮೂಟೆ ಕೆಳಗೇ ಇರ್ತೀನಿ. ನನ್ನಂಥೋರ್ಗೆ ಪೂಜೆ ಅಂದ್ರೆ ಯಾವ್ದು?" ಎಂದು ಕೇಳಿದರು.

ನಾವು ಬಾಯಿ ತೆರೆಯುವುದಕ್ಕೆ ಮುಂಚೆ ಅಲ್ಲೇ ಇದ್ದ ಅಂಗಡಿಯವರೊಬ್ಬರು, "ಜನಸೇವೆಯೇ ಜನಾರ್ದನಸೇವೆ ಕಣಪ್ಪ. ಜನರ ಸೇವೆ ಮಾಡು, ಅದೇ ಪೂಜೆ" ಎಂದರು.

ಹಮಾಲಿ ತಟ್ಟನೆ, "ದಿನಾ ಜನರ ಮೂಟೇನೇ ತಾನೆ ಸ್ವಾಮಿ ನಾನು ಹೊರೋದು? ಇನ್ನೂ ಎಷ್ಟು ಸೇವೆ ಮಾಡ್ಲಿ?" ಎಂದರು.

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಸೇವೆಯೇ ಪೂಜೆ ಎಂಬ ಮಾತನ್ನು ನಾವು ಎಷ್ಟು ಸಭೆಗಳಲ್ಲಿ ಹೇಳಿಲ್ಲ! ಆದರೆ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ನೋಡಿದ್ದೇವೆಯೆ? ಕುಳಿತವನು ನಿಂತವನಿಗೆ ಹೇಳುತ್ತಾನೆ. ಹೊರೆ ಹೊರಿಸುವವನು ಹೊರುವವನಿಗೆ ಹೇಳುತ್ತಾನೆ. ಹೀಗಿರುವಲ್ಲಿ ಯಾವ ಸೇವೆ ಪೂಜೆಯಾಗುತ್ತದೆ, ಯಾವುದು ಬರಿಯ ಹೆಸರು ಎಂದು ವಿಚಾರ ಮಾಡದೆ ಆ ಮಾತನ್ನು ಇನ್ನೊಮ್ಮೆ ಹೇಳುವುದು ಸರಿಯಲ್ಲ. ಇಂದಿನ ಭಾಷಣವೆಲ್ಲ ಆ ಹಮಾಲಿಗೆ ನಾವು ಕೊಡಬೇಕಾಗಿದ್ದ ಉತ್ತರ.

ಗುಡಿಯಿಂದ ಹೊರಗೆ ಬಂದ ದೇವರು

ಗೊರೂರಿನಲ್ಲಿ ಹೊಳೆಯ ದಂಡೆಯ ಮೇಲೆ ಯೋಗಾನರಸಿಂಹನ ಗುಡಿಯಿದೆ. ಯೋಗದಲ್ಲಿ ಕುಳಿತ ದೇವರು, ಶಾಂತಮೂರ್ತಿ. ಆದರೆ ನರಸಿಂಹನ ಕಥೆಯನ್ನು ನಿಮ್ಮ ಮನೆಯ ಮಗುವಿಗೂ ಕೇಳಿ ನೋಡಿ. ಒಬ್ಬ ಹುಡುಗನಿಗೆ ಅನ್ಯಾಯವಾಯಿತು, ಅವನು ಕರೆದ, ದೇವರು ಕಂಬವನ್ನು ಸೀಳಿಕೊಂಡು ಹೊರಗೆ ಬಂದ. ನೊಂದವನಿಗಾಗಿ ದೇವರೇ ಹೊರಗೆ ಬಂದ ಮೇಲೆ ಭಕ್ತನು ಮಾತ್ರ ಗುಡಿಯ ಒಳಗೇ ಕುಳಿತಿರಬಹುದೆ?

ಇದು ನಾವು ಕಟ್ಟಿದ ಮಾತಲ್ಲ. ಭಾಗವತವನ್ನು ನಮ್ಮ ಊರುಗಳಲ್ಲಿ ಭಕ್ತಿಯಿಂದ ಪಾರಾಯಣ ಮಾಡುತ್ತಾರೆ. ಅದರ ಮೂರನೆಯ ಸ್ಕಂಧದಲ್ಲಿ ಕಪಿಲನು ತನ್ನ ತಾಯಿ ದೇವಹೂತಿಗೆ ಉಪದೇಶ ಮಾಡುವ ಭಾಗವಿದೆ. ಎಲ್ಲ ಜೀವಿಗಳಲ್ಲಿಯೂ ಇರುವ ದೇವರನ್ನು ಕಡೆಗಣಿಸಿ ವಿಗ್ರಹವನ್ನು ಮಾತ್ರ ಪೂಜಿಸುವವನ ಪೂಜೆ ವ್ಯರ್ಥವೆಂದೇ ಅಲ್ಲಿ ಹೇಳಿದೆ. ಗೀತೆಯ ಮೂರನೆಯ ಅಧ್ಯಾಯ ಹಂಚದೆ ಉಣ್ಣುವುದನ್ನು ಪಾಪದ ಲೆಕ್ಕಕ್ಕೆ ಸೇರಿಸುತ್ತದೆ. ಅಂದರೆ ಪೂಜೆಯನ್ನು ಮನುಷ್ಯನ ಹಸಿವಿಗೆ ಜೋಡಿಸಿದವರು ಇಂದಿನ ಸುಧಾರಕರಲ್ಲ. ನಮ್ಮ ಹಿರಿಯರೇ ಜೋಡಿಸಿಟ್ಟು ಹೋಗಿದ್ದಾರೆ. ನಾವು ಅದನ್ನು ಬಿಚ್ಚಿ ಎರಡಾಗಿ ಇಟ್ಟುಕೊಂಡಿದ್ದೇವೆ, ಅಷ್ಟೆ.

ಅದೇ ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ರಂತಿದೇವನೆಂಬ ರಾಜನ ಕಥೆಯಿದೆ. ಇದ್ದದ್ದನ್ನೆಲ್ಲ ಕೊಟ್ಟು ಬರಿಗೈಯಾದ ರಾಜ. ಹೆಂಡತಿ ಮಕ್ಕಳೊಡನೆ 48 ದಿನ ನೀರು ಸಹ ಕಾಣದೆ ಇದ್ದ. ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ಹೇಗೋ ಸ್ವಲ್ಪ ಪಾಯಸ, ತುಪ್ಪ, ನೀರು ದೊರೆಯಿತು. ಉಣ್ಣಲು ಕುಳಿತಾಗ ಒಬ್ಬ ಬ್ರಾಹ್ಮಣ ಅತಿಥಿ ಬಂದ. ಅವನಿಗೆ ಬಡಿಸಿದ. ಉಳಿದುದನ್ನು ಹಂಚಿಕೊಳ್ಳುವಾಗ ಒಬ್ಬ ಶೂದ್ರ ಬಂದ. ಅವನಿಗೂ ಕೊಟ್ಟ. ನಾಯಿಗಳನ್ನು ಕಟ್ಟಿಕೊಂಡು ಇನ್ನೊಬ್ಬ ಬಂದ. ಅವನಿಗೂ ನಾಯಿಗಳಿಗೂ ಅನ್ನವೆಲ್ಲ ಹೋಯಿತು. ಕೊನೆಗೆ ಒಬ್ಬನಿಗೆ ಸಾಲುವಷ್ಟು ನೀರು ಮಾತ್ರ ಉಳಿಯಿತು. ಅದನ್ನು ಬಾಯಿಗೆ ಎತ್ತುವಾಗ, ಊರು ಮುಟ್ಟದೆ ದೂರವಿಟ್ಟ ಜಾತಿಯವನೊಬ್ಬ ಬಂದು ನೀರು ಕೇಳಿದ. ರಂತಿದೇವ ಅದನ್ನೂ ಕೊಟ್ಟುಬಿಟ್ಟ. ತನಗೆ ಸಿದ್ಧಿಗಳೂ ಬೇಡ, ಮೋಕ್ಷವೂ ಬೇಡ, ನೊಂದವರೆಲ್ಲರ ನೋವಿನಲ್ಲಿ ತಾನು ಇದ್ದರೆ ಸಾಕು ಎಂಬುದು ಅವನ ಪ್ರಾರ್ಥನೆಯಾಗಿತ್ತು.

ಬಂಧುಗಳೆ, ಈ ಕಥೆಯನ್ನು ಹರಿಕಥೆಯಲ್ಲಿ ಕೇಳಿ ಕಣ್ಣೀರು ಒರೆಸಿಕೊಂಡವರು ಬಹಳ ಮಂದಿ. ಆದರೆ ಅದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕೊಟ್ಟವನು ರಾಜ, ಮೂಟೆ ಹೊರುವವನಲ್ಲ. ಸೇವೆಯ ಉಪದೇಶವನ್ನು ಆ ಪುರಾಣ ಮೇಲಿನವನಿಗೆ ಹೇಳಿತು. ಎರಡನೆಯದು, ಒಬ್ಬೊಬ್ಬರು ಬಂದಾಗಲೂ ರಾಜ ಅವರ ಜಾತಿ ಕೇಳಿ ಎಲೆ ಬೇರೆ ಹಾಕಲಿಲ್ಲ. ಕಥೆಗೆ ಕಣ್ಣೀರು ಹಾಕಿ, ಹೊರಗೆ ಬಂದು ಅನ್ನಸಂತರ್ಪಣೆಯಲ್ಲಿ ಒಂದು ಪಂಕ್ತಿ ಒಳಗೆ, ಒಂದು ಪಂಕ್ತಿ ಹೊರಗೆ ಎಂದು ಕೂರಿಸಿದರೆ ನಾವು ಕೇಳಿದ್ದು ಯಾವ ಕಥೆ?

ಆಯ್ದ ಅಕ್ಕಿಯ ಲೆಕ್ಕ

ಇನ್ನು ನಮ್ಮ ಕನ್ನಡನಾಡಿಗೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಎರಡು ಮಾತುಗಳನ್ನು ಜೊತೆಯಾಗಿ ಕಟ್ಟಿದರು: ಕಾಯಕ ಮತ್ತು ದಾಸೋಹ. ತಾನು ದುಡಿದು ಗಳಿಸುವುದು ಕಾಯಕ. ಅದನ್ನು ತನ್ನದೆನ್ನದೆ ಸಮಾಜದೊಡನೆ ಹಂಚಿಕೊಳ್ಳುವುದು ದಾಸೋಹ. ದಾನಕ್ಕೂ ದಾಸೋಹಕ್ಕೂ ಅಂತರ ಬಹಳ. ದಾನ ಕೊಡುವವನು ತಾನು ಒಡೆಯನೆಂದುಕೊಳ್ಳುತ್ತಾನೆ. ದಾಸೋಹ ಮಾಡುವವನು ತಾನು ದಾಸನೆಂದುಕೊಳ್ಳುತ್ತಾನೆ. ಆ ಹೆಸರಿನಲ್ಲೇ ಅದು ಇದೆ.

ಆಯ್ದಕ್ಕಿ ಮಾರಯ್ಯ ಮತ್ತು ಅವರ ಹೆಂಡತಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿದ್ದೀತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅಷ್ಟರಲ್ಲೇ ಸಂಸಾರ, ಅಷ್ಟರಲ್ಲೇ ಜಂಗಮರಿಗೆ ಊಟ. ಒಂದು ದಿನ ಮಾರಯ್ಯ ದಿನದ ರೂಢಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ದಿನಕ್ಕೆ ಬೇಕಾದದ್ದು ಇಷ್ಟೇ ಇರುವಾಗ ಇದೇಕೆ ಬಂತು, ಇದು ಆಸೆಯಲ್ಲವೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆ ವಿಶೇಷವಾಗಿ ವ್ಯಾಪಾರಿ ಮಿತ್ರರಿಗೆ. ನೀವು ಪ್ರತಿ ವರ್ಷ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡುತ್ತೀರಿ, ತಕ್ಕಡಿಗೆ ಅರಿಸಿನ ಕುಂಕುಮ ಇಡುತ್ತೀರಿ. ಲಕ್ಕಮ್ಮ ನಿಮ್ಮ ಅಂಗಡಿಗೆ ಬಂದರೆ ಕುಂಕುಮವನ್ನು ನೋಡುವುದಿಲ್ಲ, ತಕ್ಕಡಿಯ ಮುಳ್ಳನ್ನು ನೋಡುತ್ತಾಳೆ. ಹದಿನೈದು ದಿನ ಕಲಬೆರಕೆಯ ಎಣ್ಣೆ ಮಾರಿ, ಹದಿನಾರನೆಯ ದಿನ ಐನೂರು ಎಲೆ ಹಾಕಿಸಿದರೆ ಅದು ದಾಸೋಹವಲ್ಲ. ಜನರಿಂದ ತೆಗೆದುದರಲ್ಲಿ ಒಂದು ಪಾಲನ್ನು ಜನರಿಗೇ ಬಡಿಸಿ ಕೀರ್ತಿಯನ್ನು ತಾನು ಇಟ್ಟುಕೊಂಡಂತೆ. ಸೇವೆಗೆ ಮೊದಲ ಪರೀಕ್ಷೆ ಇಲ್ಲಿಯೇ: ಕೊಡುವ ಕೈಗೆ ಅದು ಎಲ್ಲಿಂದ ಬಂತು?

ದಯೆಯಲ್ಲ, ಸೇವೆ

ಈಗ ಸ್ವಲ್ಪ ದೂರ ಹೋಗೋಣ. ಬಂಗಾಳದ ದಕ್ಷಿಣೇಶ್ವರದಲ್ಲಿ 1884ರಲ್ಲಿ ಒಂದು ದಿನ ಶ್ರೀ ರಾಮಕೃಷ್ಣ ಪರಮಹಂಸರು ಶಿಷ್ಯರೊಡನೆ ಮಾತನಾಡುತ್ತಿದ್ದರು. ಜೀವಿಗಳ ಮೇಲೆ ದಯೆ ತೋರಬೇಕೆಂಬ ವಿಷಯ ಬಂತು. ಪರಮಹಂಸರು ಅಲ್ಲಿಗೇ ನಿಂತರು. ದಯೆ ತೋರಲು ಮನುಷ್ಯ ಯಾರು, ಹುಳುವಿನಂಥ ಅವನಿಗೆ ಆ ದೊಡ್ಡಸ್ತಿಕೆ ಎಲ್ಲಿಂದ ಬಂತು, ಜೀವವನ್ನು ಶಿವನೆಂದು ತಿಳಿದು ಸೇವೆ ಮಾಡಬೇಕು ಎಂಬ ಅರ್ಥದ ಮಾತು ಆಡಿದರು. ಕೇಳುತ್ತಿದ್ದವರಲ್ಲಿ ನರೇಂದ್ರನೆಂಬ ತರುಣನಿದ್ದ. ಆತನೇ ಮುಂದೆ ವಿವೇಕಾನಂದರಾದರು.

ವಿವೇಕಾನಂದರು ಅಮೆರಿಕಕ್ಕೆ ಹೋಗುವ ಮುನ್ನ 1892ರಲ್ಲಿ ನಮ್ಮ ಮೈಸೂರಿಗೆ ಬಂದಿದ್ದರು. ಚಾಮರಾಜೇಂದ್ರ ಒಡೆಯರು ಅವರನ್ನು ಆದರಿಸಿದರು. 1894ರಲ್ಲಿ ಅವರು ಅಮೆರಿಕದಿಂದ ಅದೇ ಮಹಾರಾಜರಿಗೆ ಒಂದು ಪತ್ರ ಬರೆದರು. ಅದರಲ್ಲಿ ಅರಮನೆಯ ಉಪಚಾರದ ಮಾತಿಗಿಂತ ಬಡವರ ಮಾತೇ ಹೆಚ್ಚು. ಹೊಲದಲ್ಲಿ ತಂದೆಗೆ ನೆರವಾಗಬೇಕಾದ ಬಡ ಹುಡುಗ ಶಾಲೆಗೆ ಬರಲಾರನು. ಆದುದರಿಂದ ವಿದ್ಯೆಯೇ ಅವನಿದ್ದಲ್ಲಿಗೆ ನಡೆದು ಹೋಗಬೇಕು ಎಂಬ ವಿಚಾರವನ್ನು ಅದರಲ್ಲಿ ಮಂಡಿಸಿದ್ದಾರೆ. ದೇವರು ಕಂಬ ಒಡೆದು ಬಂದಂತೆ ಶಾಲೆಯೂ ಗೋಡೆ ಒಡೆದು ಬರಬೇಕು ಎಂದಂತಾಯಿತು, ಅಲ್ಲವೆ?

ಅವರು 1897ರ ಮೇ 1ರಂದು ರಾಮಕೃಷ್ಣ ಮಿಷನ್ ಸ್ಥಾಪಿಸಿದರು. ಮಾರನೆಯ ವರ್ಷ ಕಲ್ಕತ್ತೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಹಣಕ್ಕೆ ಏನು ಮಾಡುವುದೆಂದು ಯಾರೋ ಕೇಳಿದಾಗ, ಮಠ ಕಟ್ಟಲು ಆಗತಾನೆ ಕೊಂಡಿದ್ದ ಜಮೀನನ್ನೇ ಮಾರಲು ಅವರು ಸಿದ್ಧರಾದರು. 1899ರ ಪ್ಲೇಗಿನಲ್ಲಿ ಅವರ ಶಿಷ್ಯೆ ಸೋದರಿ ನಿವೇದಿತಾ ಪೊರಕೆ ಹಿಡಿದು ಗಲ್ಲಿಯನ್ನು ತಾವೇ ಗುಡಿಸಿದರು. ಅದನ್ನು ಕಂಡು ನಾಚಿ ಆ ಬೀದಿಯ ಹುಡುಗರು ಪೊರಕೆ ಹಿಡಿದರು. ಗುಡಿ ಕಟ್ಟುವುದಕ್ಕಿಂತ ಗಲ್ಲಿ ಗುಡಿಸುವುದು ಮೊದಲ ಪೂಜೆಯಾದ ಕಾಲ ಅದು. ನಮ್ಮಲ್ಲಿ ಇಂದಿಗೂ ಗಲ್ಲಿ ಗುಡಿಸುವವರಿದ್ದಾರೆ. ಅವರ ಕೈಯ ಪೊರಕೆಗೆ ನಾವು ಆ ಮರ್ಯಾದೆ ಕೊಟ್ಟಿದ್ದೇವೆಯೆ?

ನಮ್ಮದೇ ಒಂದು ತಪ್ಪು

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ಈ ವೇದಿಕೆಯ ಮೇಲೆ ನಿಲ್ಲುವ ಹಕ್ಕು ನಮಗಿರುವುದಿಲ್ಲ.

ನಾವು ಮೇಷ್ಟರಾಗಿದ್ದಾಗ ಒಂದು ವರ್ಷ ಬಡ ಮಕ್ಕಳಿಗೆ ಅಂಗಿ ಕೊಡಬೇಕೆಂದು ಮನಸ್ಸಾಯಿತು. ಮನೆ ಮನೆ ಸುತ್ತಿ ಹಣ ಕೂಡಿಸಿದೆವು, ಬಟ್ಟೆ ತಂದು ಹೊಲಿಸಿದೆವು. ನಮ್ಮ ಸಂಬಳದ ಹಣವನ್ನೂ ಹಾಕಿದ್ದೆವು. ಆದುದರಿಂದ ಒಳಗೊಳಗೇ ಹೆಮ್ಮೆ ಇತ್ತು. ಒಂದು ಹಬ್ಬದ ದಿನ ಊರ ಮುಖಂಡರನ್ನು ಕರೆಸಿ, ಚಪ್ಪರ ಹಾಕಿಸಿ, ಬಡ ಮಕ್ಕಳ ಹೆಸರನ್ನು ಒಂದೊಂದಾಗಿ ಕೂಗಿ, ವೇದಿಕೆಗೆ ಹತ್ತಿಸಿ ಅಂಗಿ ಕೊಡಿಸಿದೆವು. ಚಪ್ಪಾಳೆ ಆಯಿತು, ಫೋಟೋ ಆಯಿತು. ಮುಖಂಡರು ನಮ್ಮನ್ನು ಹೊಗಳಿ ಮಾತನಾಡಿದರು.

ಮರುದಿನ ಅವರಲ್ಲಿ ಒಬ್ಬ ಹುಡುಗ ಶಾಲೆಗೆ ಬರಲಿಲ್ಲ. ಒಂದು ವಾರ ಬರಲಿಲ್ಲ. ಜಾಣ ಹುಡುಗ, ಲೆಕ್ಕದಲ್ಲಿ ಮುಂದು. ಕೊನೆಗೆ ನಾವೇ ಅವನ ಮನೆಗೆ ಹೋದೆವು. ತಾಯಿ ಕೂಲಿಗೆ ಹೋಗುವ ಹೆಂಗಸು. ಅಂಗಿ ಗೂಟಕ್ಕೆ ತೂಗುಹಾಕಿತ್ತು, ಮಡಿಕೆ ಸಹ ಬಿಚ್ಚಿರಲಿಲ್ಲ. ಆಕೆ ನಮ್ಮನ್ನು ಬೈಯಲಿಲ್ಲ. ಚಾಪೆ ಹಾಸಿ ಕೂರಿಸಿ, ಮೆಲ್ಲಗೆ ಹೇಳಿದಳು: "ಅಂಗೀನ ಮನೆತಕ್ಕೇ ಕಳ್ಸಿದ್ರೆ ಹಾಕ್ಕೊಂಡು ಬತ್ತಿದ್ದ ಮೇಷ್ಟ್ರೆ. ಎಲ್ರ ಮುಂದೆ ನಿಲ್ಲಿಸ್ಬಿಟ್ರಲ್ಲ."

ಹುಡುಗ ಬಾಗಿಲ ಹಿಂದೆ ನಿಂತಿದ್ದ, ನಮ್ಮ ಮುಖ ನೋಡಲಿಲ್ಲ. ಅವನು ಮತ್ತೆ ಶಾಲೆಗೆ ಬರಲಿಲ್ಲ. ಗ್ಯಾರೇಜೊಂದಕ್ಕೆ ಕೆಲಸಕ್ಕೆ ಸೇರಿದನೆಂದು ಆಮೇಲೆ ಕೇಳಿದೆವು.

ನಾವು ಅಂದು ಮಾಡಿದ್ದು ಪೂಜೆಯೆ? ಪೂಜೆಯೇ, ಆದರೆ ದೇವರು ಆ ಹುಡುಗನಲ್ಲ. ದೇವರ ಪೀಠದ ಮೇಲೆ ನಾವೇ ಕುಳಿತು, ಆ ಮಗುವಿನ ಮಾನವನ್ನು ನಮಗೇ ನೈವೇದ್ಯ ಮಾಡಿಕೊಂಡೆವು. ಪರಮಹಂಸರು ದಯೆ ಬೇಡವೆಂದದ್ದು ಏಕೆ ಎಂಬುದು ನಮಗೆ ಪುಸ್ತಕದಿಂದ ತಿಳಿಯಲಿಲ್ಲ. ಆ ತಾಯಿಯ ಚಾಪೆಯ ಮೇಲೆ ಕುಳಿತಾಗ ತಿಳಿಯಿತು. ಸೇವೆಗೆ ಎರಡನೆಯ ಪರೀಕ್ಷೆ ಇದು: ಪಡೆದವನ ತಲೆ ಮೇಲಕ್ಕೆ ಎದ್ದಿತೆ, ಕೆಳಕ್ಕೆ ಬಾಗಿತೆ?

ಚಕ್ರದ ಧೂಳು

ಇದನ್ನು ಸರಿಯಾಗಿ ಬಲ್ಲವರೊಬ್ಬರು ನಮ್ಮ ನಾಡಿನಲ್ಲೇ ಆಗಿ ಹೋದರು. ಮಂಗಳೂರಿನ ಕುದ್ಮುಲ್ ರಂಗರಾವ್. 1859ರಲ್ಲಿ ಹುಟ್ಟಿದವರು, ಸಾರಸ್ವತ ಬ್ರಾಹ್ಮಣರು, ವಕೀಲರು. ಊರು ದೂರವಿಟ್ಟಿದ್ದ ಜನರ ಮಕ್ಕಳಿಗಾಗಿ ಅವರು ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಆದರೂ ಅವರು ಬಿಡಲಿಲ್ಲ. ಮಕ್ಕಳಿಗೆ ಓದಿನೊಡನೆ ಮಧ್ಯಾಹ್ನದ ಊಟ, ಕೈಗೆ ಕಸುಬು, ಇರಲು ನೆಲೆ ಇವಕ್ಕೆಲ್ಲ ದುಡಿದರು. 1928ರಲ್ಲಿ ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರನ್ನು ಗೌರವದಿಂದ ನೆನೆದರು.

ರಂಗರಾಯರ ಆಸೆಯೊಂದಿತ್ತು, ಅದು ಅವರ ಸಮಾಧಿಯ ಕಲ್ಲಿನಲ್ಲಿಯೂ ಇದೆ. ತಮ್ಮ ಶಾಲೆಯಲ್ಲಿ ಓದಿದ ದಲಿತ ಹುಡುಗನೊಬ್ಬ ದೊಡ್ಡ ಹುದ್ದೆಗೆ ಏರಿ, ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಂತಾಗಬೇಕು. ಆ ಚಕ್ರದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಆ ಆಸೆಯ ಸಾರ.

ಯೋಚಿಸಿ ನೋಡಿ. ಆ ಹುಡುಗ ಕಾರು ನಿಲ್ಲಿಸಿ ಇಳಿದು ಕಾಲಿಗೆ ಬೀಳಲಿ ಎಂದು ಅವರು ಬಯಸಲಿಲ್ಲ. ಧೂಳೆಬ್ಬಿಸಿಕೊಂಡು ಮುಂದೆ ಹೋಗಲಿ ಎಂದರು. ತಾನು ಸೇವೆ ಮಾಡಿದವನು ತನ್ನನ್ನು ದಾಟಿ ಹೋಗಬೇಕು, ತನ್ನ ಹಂಗು ಅವನಿಗೆ ಉಳಿಯಬಾರದು. ಅಂಗಿ ಕೊಟ್ಟು ಫೋಟೋ ತೆಗೆಸಿಕೊಂಡ ನಮಗೂ ರಂಗರಾಯರಿಗೂ ಇರುವ ಅಂತರ ಇಷ್ಟು. ಇದು ಮೂರನೆಯ ಪರೀಕ್ಷೆ: ನಿಮ್ಮ ಸೇವೆಯಿಂದ ಆ ಮನುಷ್ಯ ನಿಮ್ಮ ಸೇವೆಯೇ ಬೇಡದಂಥವನಾಗುತ್ತಾನೆಯೆ, ವರ್ಷ ವರ್ಷವೂ ನಿಮ್ಮ ಬಾಗಿಲಲ್ಲೇ ನಿಲ್ಲುತ್ತಾನೆಯೆ?

ಇಂಥದನ್ನು ನಮ್ಮ ಕಾಲದಲ್ಲಿ ಕಣ್ಣಾರೆ ಕಾಣಬೇಕಾದರೆ ಪಕ್ಕದ ತುಮಕೂರು ಜಿಲ್ಲೆಯ ಸಿದ್ಧಗಂಗೆಗೆ ಹೋಗಬಹುದು. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿ ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ಅಲ್ಲಿ ಜಾತಿ ನೋಡದೆ ಸಾವಿರಾರು ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ. ಅಲ್ಲಿ ಉಂಡು ಓದಿ ಹೊರಟವರು ತಮ್ಮ ಕಾಲ ಮೇಲೆ ನಿಂತಿದ್ದಾರೆ. ಬರಿಯ ಅನ್ನವಾಗಿದ್ದರೆ ಹಸಿವು ಮರುದಿನ ಮತ್ತೆ ಬರುತ್ತಿತ್ತು; ಅನ್ನದೊಡನೆ ಅಕ್ಷರ ಸೇರಿದ್ದರಿಂದ ಅದು ನಿಂತಿತು.

ಹೇಮಾವತಿಯ ದಂಡೆಯ ಮೇಲೆ

ಇನ್ನು ಗೊರೂರಿನ ಮಾತು. ಈ ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಗಾಂಧೀಜಿಯ ದಾರಿಯವರು. ಗುಜರಾತ್ ವಿದ್ಯಾಪೀಠದಲ್ಲಿ ಕಲಿತು ಬಂದು ಖಾದಿ, ಗ್ರಾಮಸೇವೆ, ಸ್ವಾತಂತ್ರ್ಯ ಚಳವಳಿ ಇವುಗಳಲ್ಲಿ ದುಡಿದರು. ಗಾಂಧೀಜಿ ನೂಲುವುದನ್ನು ಯಜ್ಞವೆಂದು ಕರೆದರು. ಬೆಂಕಿ, ತುಪ್ಪ, ಪುರೋಹಿತ ಯಾವುದೂ ಬೇಡದ, ಗಂಡು ಹೆಣ್ಣು ಯಾವ ಜಾತಿಯವರೂ ಮಾಡಬಹುದಾದ ಯಜ್ಞ. ಗೊರೂರರು 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಬರೆದಾಗ ಇದೇ ಊರುಕೇರಿಯ ಸಾಮಾನ್ಯರನ್ನು ಪುಸ್ತಕದೊಳಗೆ ಮರ್ಯಾದೆಯಿಂದ ಕೂರಿಸಿದರು. ಅದೂ ಒಂದು ಸೇವೆಯೆಂದು ನಾವು ತಿಳಿಯುತ್ತೇವೆ.

ಆದರೆ ಗೊರೂರು ಎಂದೊಡನೆ ಈಗ ಹೊರಗಿನವರಿಗೆ ನೆನಪಾಗುವುದು ಅಣೆಕಟ್ಟು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟು ನಾಲ್ಕೂವರೆ ಕಿಲೋಮೀಟರಿಗಿಂತ ಉದ್ದ; ತುಂಬಿದರೆ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಇಲ್ಲಿಂದ ನೀರು ಹರಿಯುತ್ತದೆ. ಅದೇ ನೀರಿನ ಕೆಳಗೆ ಊರುಗಳಿವೆ, ಗುಡಿಗಳಿವೆ, ಹಿರಿಯರ ಸಮಾಧಿಗಳಿವೆ. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯ ಗೋಡೆಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿದ್ದ ಮನೆಗಳವರು ಎಲ್ಲಿಗೆ ಹೋದರೆಂದು ಕೇಳುವವರು ಕಡಿಮೆ.

ಮುಳುಗಡೆಯ ಜನ ನಾಡಿಗಾಗಿ ತ್ಯಾಗ ಮಾಡಿದರು ಎಂದು ಭಾಷಣ ಮಾಡುವುದು ಸುಲಭ. ನಮಗೆ ಆ ಮಾತು ಗಂಟಲಲ್ಲಿ ನಿಲ್ಲುತ್ತದೆ. ತಾನಾಗಿ ಕೊಟ್ಟದ್ದು ತ್ಯಾಗ. ರಂತಿದೇವನ ಕೈಯಿಂದ ನೀರಿನ ಪಾತ್ರೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಕೇಳದೆ ತೆಗೆದುಕೊಂಡದ್ದಕ್ಕೆ ತ್ಯಾಗವೆಂದು ಹೆಸರಿಟ್ಟರೆ ತೆಗೆದುಕೊಂಡವನ ಸಾಲ ತೀರುವುದಿಲ್ಲ. ಬೆಂಗಳೂರಿನಲ್ಲಿ 1956ರಲ್ಲಿ ಪೂರ್ಣವಾದ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಸಿದ್ದಾರೆ. ಬಹಳ ಒಳ್ಳೆಯ ಮಾತು. ಆದರೆ ಕೆಲಸ ದೇವರದ್ದಾದರೆ ಆ ಕಚೇರಿಯಲ್ಲಿ ದೇವರು ಯಾರು? ಮೇಜಿನ ಆಚೆ ಕುಳಿತವನಲ್ಲ. ಅರ್ಜಿ ಹಿಡಿದು ಕಿಟಕಿಯ ಈಚೆ ನಿಂತಿರುವ ಮುದುಕಿ. ದೇವರನ್ನು ನಾಳೆ ಬಾ, ನಾಡಿದ್ದು ಬಾ ಎಂದು ಕಳುಹಿಸುವ ಪೂಜಾರಿಯನ್ನು ಏನೆಂದು ಕರೆಯಬೇಕು?

ಇದೇ ಮಾತು ಕಾರ್ಮಿಕರಿಗೂ ಸೇರುತ್ತದೆ. ಹೆಚ್ಚು ಹೊತ್ತು ದುಡಿಸಿಕೊಂಡು, ಅದರ ಕೂಲಿ ಕೊಡದೆ, ಕಾಯಕವೇ ಕೈಲಾಸ ಎಂದು ಗೋಡೆಯ ಮೇಲೆ ಬರೆಸುವ ಯಜಮಾನರನ್ನು ನಾವು ಕಂಡಿದ್ದೇವೆ. ಕಾಯಕಕ್ಕೆ ಸರಿಯಾದ ಕೂಲಿ ಕೇಳುವುದು ಕೈಲಾಸಕ್ಕೆ ಅಡ್ಡಿಯಲ್ಲ. ಹಕ್ಕನ್ನು ಕೊಡದೆ ಸೇವೆಯನ್ನು ಬೋಧಿಸುವುದು, ಪಾಯಸವನ್ನು ತಾನು ಇಟ್ಟುಕೊಂಡು ರಂತಿದೇವನ ಕಥೆಯನ್ನು ಹಸಿದವನಿಗೆ ಹೇಳಿದಂತೆ.

ಹನ್ನೆರಡನೆಯ ಪಾಲು

ಈಗ ಆ ಹಮಾಲಿಯ ಪ್ರಶ್ನೆಗೆ ಬರೋಣ. ಉತ್ತರ ಹುಡುಕಿಕೊಂಡು ನಾವು ಆ ಮಿಲ್ಲಿನ ಕಡೆ ಎರಡು ಮೂರು ಸಲ ಹೋದೆವು. ಅಲ್ಲಿ ಗೊತ್ತಾದ ಸಂಗತಿಯಿಂದ ನಮಗೇ ನಾಚಿಕೆಯಾಯಿತು.

ಅವರದು ಹನ್ನೆರಡು ಜನರ ಗ್ಯಾಂಗು. ದಿನದ ಕೂಲಿಯನ್ನು ಸಂಜೆ ಸಮನಾಗಿ ಹಂಚಿಕೊಳ್ಳುತ್ತಾರೆ. ಕೆಲವು ತಿಂಗಳ ಹಿಂದೆ ಅವರಲ್ಲೊಬ್ಬ ಮೂಟೆಯೊಡನೆ ಹಲಗೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಹನ್ನೊಂದು ಜನ ದುಡಿಯುತ್ತಾರೆ, ಸಂಜೆ ಹನ್ನೆರಡು ಪಾಲು ಹಾಕುತ್ತಾರೆ. ಹನ್ನೆರಡನೆಯ ಪಾಲು ಪ್ರತಿ ಶನಿವಾರ ಬಿದ್ದವನ ಹೆಂಡತಿಯ ಕೈ ಸೇರುತ್ತದೆ. ಅದಕ್ಕೆ ಚಪ್ಪರವಿಲ್ಲ, ಹೆಸರು ಕೂಗುವುದಿಲ್ಲ. ಆಕೆ ಅದನ್ನು ಭಿಕ್ಷೆಯೆಂದು ತಿಳಿಯುವುದಿಲ್ಲ, ಗಂಡನ ಪಾಲೆಂದೇ ತಿಳಿಯುತ್ತಾಳೆ. ಈ ಏರ್ಪಾಡನ್ನು ಮೊದಲು ಹೇಳಿದವರು ಯಾರು ಎಂದು ವಿಚಾರಿಸಿದೆವು. ಕಾಫಿ ಹೋಟೆಲಿನಲ್ಲಿ, ನನ್ನಂಥೋರ್ಗೆ ಪೂಜೆ ಯಾವ್ದು ಎಂದು ಕೇಳಿದ್ದರಲ್ಲ, ಅವರೇ. ಈ ವಿಷಯವನ್ನು ಸಭೆಯಲ್ಲಿ ಹೇಳಬಹುದೆ ಎಂದು ಕೇಳಿದಾಗ, "ಹೆಸ್ರು ಬ್ಯಾಡಿ ಮೇಷ್ಟ್ರೆ, ಅವ್ನಿಗೆ ಬೇಜಾರಾಯ್ತದೆ" ಎಂದರು. ತನಗೆ ಅಲ್ಲ, ಬಿದ್ದವನಿಗೆ ಬೇಜಾರಾಗುತ್ತದೆಯಂತೆ! ನಾವು ಒಬ್ಬ ಹುಡುಗನನ್ನು ಶಾಲೆಯಿಂದ ಕಳೆದುಕೊಂಡು ಕಲಿತದ್ದನ್ನು ಆತ ಶಾಲೆಗೇ ಹೋಗದೆ ಬಲ್ಲರು.

ಆದುದರಿಂದ ಅವರಿಗೆ ನಮ್ಮ ಉತ್ತರ ಇಷ್ಟೆ: ಅಣ್ಣಾ, ನೀವು ಗುಡಿಯ ಬಾಗಿಲಿಗೆ ಕಾಯಬೇಕಾಗಿಲ್ಲ. ಯಜಮಾನನ ಮೂಟೆ ಹೊರುವುದು ನಿಮ್ಮ ದುಡಿಮೆ. ಅದಕ್ಕೆ ಪೂರ್ತಿ ಕೂಲಿ ಬರಬೇಕು. ಸಂಜೆ ಹಾಕುವ ಆ ಹನ್ನೆರಡನೆಯ ಪಾಲು ನಿಮ್ಮ ಪೂಜೆ. ಅದು ದುಡಿದ ಹಣ, ಪಡೆದವಳ ತಲೆ ಬಾಗಿಸದ ಹಣ. ಮೂರನೆಯ ಪರೀಕ್ಷೆ ಒಂದು ಉಳಿದಿದೆ. ಅದನ್ನು ನೀವೊಬ್ಬರೇ ಗೆಲ್ಲಲಾರಿರಿ, ನಾವೆಲ್ಲ ಕೂಡಬೇಕು. ಕೆಲಸದಲ್ಲಿ ಗಾಯಗೊಂಡವನಿಗೆ ಯಜಮಾನ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶಕ್ಕೆ 1923ರಲ್ಲೇ ಬಂತು. ಆ ಹಕ್ಕು ಇಂದಿಗೂ ಇದೆ. ಬಿದ್ದವನ ಮನೆಯವರು ಇದುವರೆಗೆ ಆ ಅರ್ಜಿಯನ್ನೇ ಹಾಕಿಲ್ಲ. ಬರೆದುಕೊಡುವವರು ಯಾರೂ ಸಿಗಲಿಲ್ಲವಂತೆ. ಹನ್ನೊಂದು ಬಡವರ ಪಾಲಿನ ಮೇಲೆ ಒಬ್ಬರ ಸಂಸಾರ ಕೊನೆಯವರೆಗೂ ನಿಲ್ಲಬಾರದು.

ನಿಮ್ಮಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಓದು ಬರಹ ಬಲ್ಲ ಅಂಗಡಿಯ ಮಿತ್ರರು ವಾರಕ್ಕೆ ಒಂದು ಸಂಜೆ, ಒಂದು ಗಂಟೆ ಕೊಡಿ. ಅರ್ಜಿ ಬರೆಯಲಾರದವರಿಗೆ ಅರ್ಜಿ ಬರೆದುಕೊಡಿ: ಪಿಂಚಣಿ, ರೇಷನ್ ಕಾರ್ಡು, ಅಪಘಾತದ ಪರಿಹಾರ, ಮುಳುಗಡೆಯವರ ಜಮೀನಿನ ಕಾಗದ. ಅವರ ಹತ್ತಿರ ಕಾಸು ಬೇಡ, ಕೃತಜ್ಞತೆಯೂ ಬೇಡ. ಬರೆಯುವಾಗ ಅವರ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದಿನ ಅರ್ಜಿಯನ್ನು ಆ ಮಗುವೇ ಬರೆಯಲಿ. ಮಿಲ್ಲಿನ ಬಂಧುಗಳು ತಮ್ಮ ತಮ್ಮ ಗ್ಯಾಂಗಿನಲ್ಲಿ ಒಂದು ಪಾಲು ಹೆಚ್ಚು ಹಾಕುವ ಮಾತನ್ನು ಇಂದೇ ರಾತ್ರಿ ಆಡಿಕೊಳ್ಳಿ. ನಾಳೆ ಯಾರ ಕಾಲು ಜಾರುತ್ತದೆಯೋ ಯಾರು ಬಲ್ಲರು?

ಆ ಹಮಾಲಿಯ ಸ್ನೇಹಿತನ ಪರಿಹಾರದ ಅರ್ಜಿಯನ್ನು ಬರುವ ಭಾನುವಾರ ಸಂಜೆ ಬರೆಯಲು ಕೂರುತ್ತೇವೆ. ಕಾನೂನು ಬಲ್ಲವರು ಇದ್ದರೆ ಬನ್ನಿ. ಬಲ್ಲದವರೂ ಬನ್ನಿ, ಜೊತೆಗೆ ಕುಳಿತು ಕಲಿಯೋಣ.